ದೊಡ್ಡ ಚಿತ್ರವನ್ನು ಟೈಲ್‌ಗಳಾಗಿ ಕತ್ತರಿಸಿ ವೆಬ್ ಪುಟಕ್ಕೆ ಹಾಕುವುದು ಹೇಗೆ? ಚಾಮುಂಡಿ ಬೆಟ್ಟದ ಪನೋರಮಾ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟ್‌ನಲ್ಲಿ ನಿಂತು ಎಡದಿಂದ ಬಲಕ್ಕೆ ಸಾಲುಸಾಲಾಗಿ ಫೋಟೊ ತೆಗೆದು, ಅವನ್ನು ಹಗಿನ್‌ನಂಥ ಉಚಿತ ತಂತ್ರಾಂಶದಲ್ಲಿ ಜೋಡಿಸಿದರೆ 40,000 ಪಿಕ್ಸೆಲ್ ಅಗಲ, 10,000 ಪಿಕ್ಸೆಲ್ ಎತ್ತರದ ಚಿತ್ರ ಆರಾಮಾಗಿ ಸಿಗುತ್ತದೆ. ರೇಸ್‌ಕೋರ್ಸ್, ಕಾರಂಜಿ ಕೆರೆ, ಲಲಿತಮಹಲ್‌ನ ಬಿಳಿ ಗುಮ್ಮಟ, ಅರಮನೆ, ಅದರಾಚೆ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಎಲ್ಲ ಒಂದೇ ಚೌಕಟ್ಟಿನಲ್ಲಿ. ತೊಡಕು ಶುರುವಾಗುವುದು ಅದನ್ನು ವೆಬ್ ಪುಟಕ್ಕೆ ಹಾಕಲು ಹೊರಟಾಗ.

ಲೆಕ್ಕ ನೋಡಿ. 40,000 ಗುಣಿಸು 10,000 ಅಂದರೆ 40 ಕೋಟಿ ಪಿಕ್ಸೆಲ್. ಜೆಪೆಗ್ ಆಗಿ ಉಳಿಸಿದರೂ ಫೈಲ್ ಸುಲಭವಾಗಿ 100 ಎಂಬಿ ದಾಟುತ್ತದೆ. ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇದೆ. ಬ್ರೌಸರ್ ಚಿತ್ರವನ್ನು ತೋರಿಸುವ ಮೊದಲು ಬಿಚ್ಚಿ ಮೆಮೊರಿಯಲ್ಲಿ ಹರಡಿಕೊಳ್ಳಬೇಕು. ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ 1.6 ಜಿಬಿ ಆಯಿತು. ಫೋನಿನಲ್ಲಿ ಟ್ಯಾಬ್ ಸುಮ್ಮನೆ ಮುಚ್ಚಿಕೊಳ್ಳುತ್ತದೆ, ಏನಾಯಿತೆಂದು ಹೇಳುವುದೂ ಇಲ್ಲ. ಐಫೋನಿನ ಸಫಾರಿಯಲ್ಲಿ ಒಂದು ಕ್ಯಾನ್ವಾಸ್‌ಗೆ (ಪುಟದಲ್ಲಿ ಚಿತ್ರ ಬಿಡಿಸುವ ಜಾಗ) ಬಹುಕಾಲದಿಂದ ಇದ್ದ ಮಿತಿ 4096×4096, ಅಂದರೆ ಸುಮಾರು 1.67 ಕೋಟಿ ಪಿಕ್ಸೆಲ್. ನಮ್ಮದು 40 ಕೋಟಿ.

ಇಷ್ಟಕ್ಕೂ ನೋಡುವವರ ಪರದೆಯ ಮೇಲೆ ಒಂದು ಹೊತ್ತಿಗೆ ಕಾಣುವುದು ಎಷ್ಟು? ಮಾಮೂಲಿ ಲ್ಯಾಪ್‌ಟಾಪಿನಲ್ಲಿ 1920×1080, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಚಿತ್ರವನ್ನು ಟೈಲ್ ಎಂಬ ಸಣ್ಣ ಚೌಕ ತುಂಡುಗಳಾಗಿ ಕತ್ತರಿಸಿಟ್ಟು, ಆ 20 ಲಕ್ಷವನ್ನಷ್ಟೇ ಕಳಿಸಿ ಮಿಕ್ಕಿದ್ದನ್ನು ಸರ್ವರ್‌ನಲ್ಲೇ ಬಿಡುವುದು ಟೈಲ್ ಮಾಡುವುದರ ಉದ್ದೇಶ. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಈ ವಿಧಾನವನ್ನು ಎಲ್ಲರ ಕಣ್ಣಿಗೂ ತಂದಿತು. ನಾವು ಮಾಡುವುದೂ ಅದನ್ನೇ, ಭೂಪಟದ ಬದಲು ಒಂದು ಫೋಟೊ ಅಷ್ಟೆ.

ಮೊದಲು: ನಿಮಗೆ ಟೈಲ್ ಬೇಕೇ?

ಬಹಳ ಜನಕ್ಕೆ ಬೇಡ. ಚಿತ್ರದ ಉದ್ದನೆಯ ಬದಿ ನಾಲ್ಕೈದು ಸಾವಿರ ಪಿಕ್ಸೆಲ್ ಒಳಗಿದ್ದರೆ ಒಂದು ಒಳ್ಳೆಯ ಜೆಪೆಗ್ ಅಥವಾ ವೆಬ್‌ಪಿ ಸಾಕು. ಫೋನಿಗೊಂದು, ಲ್ಯಾಪ್‌ಟಾಪಿಗೊಂದು ಅಂತ ಎರಡು ಮೂರು ಅಳತೆ ಮಾಡಿಟ್ಟು, ಬ್ರೌಸರೇ ಆರಿಸಿಕೊಳ್ಳಲಿ ಎಂದು ಇಮೇಜ್ ಟ್ಯಾಗ್‌ನ ಎಸ್‌ಆರ್‌ಸಿ‌ಸೆಟ್‌ನಲ್ಲಿ ಬರೆದರೆ ಮುಗಿಯಿತು.

ಹಿಂದೆ ಫೋಟೊಶಾಪ್‌ನ ಸ್ಲೈಸ್ ಟೂಲ್‌ನಲ್ಲಿ ಚಿತ್ರವನ್ನು ಒಂಬತ್ತೋ ಹದಿನಾರೋ ತುಂಡು ಮಾಡಿ ಟೇಬಲ್‌ನಲ್ಲಿ ಜೋಡಿಸುತ್ತಿದ್ದರಲ್ಲ, ಈಗಲೂ ಕೆಲವರು ಅದನ್ನೇ ಕೇಳುತ್ತಾರೆ. ಅದರಿಂದ ಏನೂ ಉಳಿತಾಯವಿಲ್ಲ. ಎಲ್ಲ ತುಂಡುಗಳೂ ಹೇಗೂ ಡೌನ್‌ಲೋಡ್ ಆಗುತ್ತವೆ. ಮಧ್ಯೆ ಕೂದಲೆಳೆಯಷ್ಟು ಬಿಳಿ ಗೆರೆ ಬೇರೆ.

ನೋಡುವವರು ಹತ್ತಿರ ಹೋಗಬೇಕು, ಹಿಂದೆ ಬರಬೇಕು, ಅಕ್ಕಪಕ್ಕ ಸರಿಯಬೇಕು ಅನ್ನುವಂಥ ಚಿತ್ರಕ್ಕೆ ಮಾತ್ರ ಟೈಲ್. ಬೆಟ್ಟದ ಪನೋರಮಾ, ಹಳೆಯ ಗ್ರಾಮ ನಕ್ಷೆ, ಮೈಸೂರು ಶೈಲಿಯ ವರ್ಣಚಿತ್ರದ ಸ್ಕ್ಯಾನ್, ಶಾಸನದ ಅಚ್ಚುಪಡಿ, ಇಂಥವು.

ಎರಡನೆಯದು: ನಿಜವಾದ ಅಳತೆ ಕಂಡುಕೊಳ್ಳಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸುತ್ತಾರೆ. ನನ್ನ ಪ್ರಕಾರ ಉಳಿತಾಯದ ಬಹುಪಾಲು ಇಲ್ಲೇ ಇದೆ.

ಚಿತ್ರದಲ್ಲಿ 40,000 ಪಿಕ್ಸೆಲ್ ಇದೆ ಅಂದಮಾತ್ರಕ್ಕೆ ಅಷ್ಟು ವಿವರ ಇದೆ ಎಂದಲ್ಲ. ಬೆಟ್ಟದಿಂದ ಊರಿನ ಕಡೆ ನೋಡುವಾಗ ನಡುವೆ ಕಿಲೋಮೀಟರುಗಟ್ಟಲೆ ಗಾಳಿ ಇದೆ. ಬೇಸಿಗೆಯ ಮಧ್ಯಾಹ್ನ ಬಿಸಿಗಾಳಿ ನಡುಗುತ್ತದೆ, ಧೂಳಿನ ಮಬ್ಬು ಮುಸುಕಿರುತ್ತದೆ. ಎಂಥ ಲೆನ್ಸ್ ಹಾಕಿದರೂ ದೂರದ ಗೋಪುರದ ಅಂಚು ಮೆತ್ತಗೇ ಬರುತ್ತದೆ. ಮಳೆ ಬಿಟ್ಟ ಮಾರನೆಯ ಬೆಳಿಗ್ಗೆ ತೆಗೆದ ಚಿತ್ರಕ್ಕೂ ಇದಕ್ಕೂ ಅಜಗಜಾಂತರ.

ಪರೀಕ್ಷೆ ಸುಲಭ. ಚಿತ್ರವನ್ನು ಶೇ 100ರಲ್ಲಿ ತೆರೆದು ಅತಿ ಹೆಚ್ಚು ವಿವರ ಇರುವ ಜಾಗ ಹುಡುಕಿ, ಉದಾಹರಣೆಗೆ ಅರಮನೆಯ ಕಮಾನುಗಳ ಸಾಲು. ಅಷ್ಟು ಭಾಗವನ್ನು ಕತ್ತರಿಸಿ, ಅರ್ಧಕ್ಕೆ ಕುಗ್ಗಿಸಿ, ಮತ್ತೆ ಮೊದಲಿನ ಅಳತೆಗೆ ಹಿಗ್ಗಿಸಿ ಮೂಲದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಇಡೀ ಚಿತ್ರವನ್ನು ಅರ್ಧಕ್ಕೆ, ಅಂದರೆ 20,000×5,000ಕ್ಕೆ, ಇಳಿಸಿಬಿಡಿ. ಹೊಟ್ಟೆ ಉರಿದುಕೊಳ್ಳಬೇಡಿ, ಕಳೆದುಕೊಂಡಿದ್ದು ಬರೀ ಮಬ್ಬು. ಬದಿ ಅರ್ಧವಾದರೆ ಪಿಕ್ಸೆಲ್ ಕಾಲು ಭಾಗ, ಟೈಲ್‌ಗಳೂ ಹೆಚ್ಚುಕಡಿಮೆ ಕಾಲು ಭಾಗ.

ವಿವರ ನಿಜಕ್ಕೂ ಇದ್ದರೆ ಇನ್ನೊಂದು ಯೋಚನೆ. ಬೆಟ್ಟದ ಬುಡದ ಮನೆಗಳ ತಾರಸಿ, ಒಣಹಾಕಿದ ಬಟ್ಟೆ, ಬಾಲ್ಕನಿಯಲ್ಲಿ ಕೂತವರು, ಇವೆಲ್ಲ ಶೇ 100ರಲ್ಲಿ ಕಾಣಬಹುದು. ಯಾರನ್ನೂ ಕೇಳದೆ ಅವರ ಮನೆಯಂಗಳವನ್ನು ಜೂಮ್ ಮಾಡಲು ಊರಿಗೆಲ್ಲ ಕೊಡುವುದು ಸರಿಯಲ್ಲ. ಅಂಥ ಕಡೆ ಟೈಲ್ ಮಾಡುವ ಮುಂಚೆಯೇ ಮಸುಕು ಮಾಡಿ. ಆಮೇಲೆ ಮಾಡಬೇಕೆಂದರೆ ಎಲ್ಲ ಹಂತಗಳ ಟೈಲ್‌ಗಳನ್ನೂ ಹೊಸದಾಗಿ ಕತ್ತರಿಸಬೇಕು.

ಮೂರನೆಯದು: ಹಂತಗಳು ಅಂದರೇನು

ಬರೀ ಕತ್ತರಿಸಿದರೆ ಸಾಲದು. ಇಡೀ ಊರನ್ನು ಒಮ್ಮೆಗೆ ನೋಡಲು ಹೊರಟವರಿಗೆ ಎಲ್ಲ ಟೈಲ್‌ಗಳೂ ಬೇಕಾಗಿ, ಮೊದಲಿನ ಕಷ್ಟವೇ ಮರಳುತ್ತದೆ. ಅದಕ್ಕೇ ಚಿತ್ರವನ್ನು ಅರ್ಧ, ಅದರರ್ಧ, ಅದರರ್ಧ ಹೀಗೆ ಕುಗ್ಗಿಸುತ್ತಾ ಹೋಗಿ ಪ್ರತಿಯೊಂದನ್ನೂ ಟೈಲ್ ಮಾಡುತ್ತಾರೆ. ಗೊಂಬೆ ಹಬ್ಬದ ಮೆಟ್ಟಿಲಿನ ಹಾಗೆ ಕೆಳಗೆ ಅಗಲ, ಮೇಲಕ್ಕೆ ಹೋದಂತೆ ಕಿರಿದು. ನೋಡುವವರು ಜೂಮ್ ಮಾಡಿದಾಗ ಒಂದು ಮೆಟ್ಟಿಲು ಕೆಳಗಿನ ಟೈಲ್‌ಗಳು ಬರುತ್ತವೆ.

ಡೀಪ್ ಜೂಮ್ ಎಂಬ ವಿನ್ಯಾಸದಲ್ಲಿ (ಇದು ಮೈಕ್ರೋಸಾಫ್ಟ್‌ನಿಂದ ಬಂದದ್ದು, ಈಗ ಎಲ್ಲರೂ ಬಳಸುತ್ತಾರೆ) ಅರ್ಧಿಸುವುದು 1×1 ಪಿಕ್ಸೆಲ್‌ವರೆಗೂ ನಡೆಯುತ್ತದೆ. 40,000 ಅಗಲದ ಚಿತ್ರಕ್ಕೆ 0ರಿಂದ 16ರವರೆಗೆ ಒಟ್ಟು 17 ಹಂತ. 16ನೆಯದು ಪೂರ್ತಿ ಚಿತ್ರ, 15ನೆಯದು 20,000×5,000, 14ನೆಯದು 10,000×2,500. ಇಷ್ಟೆಲ್ಲ ಹಂತ ಸೇರಿದರೆ ಜಾಗ ಎರಡರಷ್ಟಾಗುತ್ತದೆಂದು ಹೆದರಬೇಡಿ. ಪ್ರತಿ ಹಂತ ಹಿಂದಿನದರ ಕಾಲು ಭಾಗ ಇರುವುದರಿಂದ ಕೂಡಿಸಿದಾಗ ಮೂಲದ ಮೂರನೇ ಒಂದು ಭಾಗದಷ್ಟು ಮಾತ್ರ ಹೆಚ್ಚುವರಿ.

ನಾಲ್ಕನೆಯದು: ಟೈಲ್ ಎಷ್ಟು ದೊಡ್ಡದಿರಬೇಕು

ರೂಢಿಯಲ್ಲಿರುವುದು 256 ಮತ್ತು 512. ನಮ್ಮ ಚಿತ್ರಕ್ಕೆ 256ರ ಟೈಲ್ ಆದರೆ ಅತಿ ಕೆಳಗಿನ ಹಂತದಲ್ಲೇ ಅಡ್ಡಕ್ಕೆ 157, ಉದ್ದಕ್ಕೆ 40, ಒಟ್ಟು 6,280 ಫೈಲ್. ಎಲ್ಲ ಹಂತ ಸೇರಿ 8,414. ಅದೇ 512 ಆದರೆ ಕೆಳಗಿನ ಹಂತದಲ್ಲಿ 79×20, ಅಂದರೆ 1,580; ಒಟ್ಟು 2,135. ಕಾಲು ಭಾಗ!

ಸಣ್ಣ ಟೈಲ್‌ನಲ್ಲಿ ಬೇಡದ ಪಿಕ್ಸೆಲ್ ಕಡಿಮೆ ಬರುತ್ತದೆ, ಆದರೆ ಬೇಡಿಕೆಗಳ ಸಂಖ್ಯೆ ಹೆಚ್ಚು. ಹಳೆಯ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಸರ್ವರ್‌ಗೆ ಸಾಮಾನ್ಯವಾಗಿ ಆರು ಸಂಪರ್ಕ ಮಾತ್ರ ತೆರೆಯುತ್ತದೆ, ಉಳಿದ ಟೈಲ್‌ಗಳು ಸರದಿಯಲ್ಲಿ ಕಾಯಬೇಕು. ಎಚ್‌ಟಿಟಿಪಿ 2 ಇದ್ದರೆ ಈ ಕಾಟ ಬಹಳ ಕಡಿಮೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಫೈಲ್‌ಗಳ ಸಂಖ್ಯೆಗೇ ಮಿತಿ ಇರುತ್ತದೆ, ಜಾಗ ಎಷ್ಟೇ ಖಾಲಿ ಇದ್ದರೂ. ಹಾಗಾಗಿ ನಾನು ಕಣ್ಣುಮುಚ್ಚಿ 512 ಎನ್ನುತ್ತೇನೆ. 512ರಲ್ಲಿ ಲ್ಯಾಪ್‌ಟಾಪ್ ಪರದೆ ತುಂಬಲು ಹೆಚ್ಚೆಂದರೆ 20 ಟೈಲ್ ಬೇಕು. ಒಂದೊಂದೂ 50 ಕೆಬಿ ಎಂದು ಹಿಡಿದರೆ 1 ಎಂಬಿ. ಹುಣಸೂರು ರಸ್ತೆಯ ಬಸ್ಸಿನಲ್ಲಿ ಕೂತು ನೋಡುವವರಿಗೂ ಇದು ಭಾರವಲ್ಲ.

ಅಕ್ಕಪಕ್ಕದ ಟೈಲ್‌ಗಳು ಒಂದು ಪಿಕ್ಸೆಲ್‌ನಷ್ಟು ಒಂದರ ಮೇಲೊಂದು ಹರಡಿಕೊಂಡಿರುವುದು ಒಳ್ಳೆಯದು. ಇದಕ್ಕೆ ಓವರ್‌ಲ್ಯಾಪ್ ಎನ್ನುತ್ತಾರೆ. ಜೂಮ್ ನಡುವೆ ನಿಂತಾಗ ಸಂದಿಯಲ್ಲಿ ಕಾಣುವ ತೆಳು ಗೆರೆಯನ್ನು ಇದು ಮುಚ್ಚುತ್ತದೆ. ಎರಡು ಬದಿಗೂ ಒಂದೊಂದು ಪಿಕ್ಸೆಲ್ ಸೇರಿ ಫೈಲ್ 512 ಆಗಬೇಕೆಂದರೆ ಟೈಲ್ ಅಳತೆ 510 ಎಂದು ಕೊಡಬೇಕು. ಡೀಪ್ ಜೂಮ್‌ನಲ್ಲಿ 254 ಎಂಬ ವಿಚಿತ್ರ ಸಂಖ್ಯೆ ಕಂಡರೆ ಅದರ ಗುಟ್ಟೂ ಇದೇ.

ಐದನೆಯದು: ಮೂಲ ಚಿತ್ರ ಸಿದ್ಧ ಮಾಡಿಕೊಳ್ಳಿ

ಜೋಡಿಸಿದ ಚಿತ್ರವನ್ನು ಟಿಫ್ ಆಗಿ ಉಳಿಸಿ. ಮಾಮೂಲಿ ಟಿಫ್‌ಗೆ 4 ಜಿಬಿ ಮಿತಿ, ಅದರಾಚೆ ಬಿಗ್‌ಟಿಫ್. ಫೋಟೊಶಾಪ್‌ನ ಪಿಎಸ್‌ಡಿ 30,000 ಪಿಕ್ಸೆಲ್‌ಗೆ ನಿಲ್ಲುತ್ತದೆ, ನಮ್ಮದಕ್ಕೆ ಅದರ ದೊಡ್ಡಣ್ಣ ಪಿಎಸ್‌ಬಿ ಬೇಕು. ಜೆಪೆಗ್ ಒಂದು ಬದಿಗೆ 65,535ರವರೆಗೆ ಬರುತ್ತದೆ. ವೆಬ್‌ಪಿ 16,383ಕ್ಕೇ ಮುಗಿಯುತ್ತದೆ, ಆದ್ದರಿಂದ ಮೂಲಕ್ಕೆ ಆಗದು, ಟೈಲ್‌ಗೆ ಆಗಬಹುದು.

ಇನ್ನು ಬಣ್ಣ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ್ದರೆ ವೆಬ್‌ನಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿಗೆ ಬದಲಿಸಿ. ಇಲ್ಲದಿದ್ದರೆ ಬಣ್ಣದ ಮಾಹಿತಿ ಬಿಟ್ಟುಹೋದ ಟೈಲ್‌ಗಳು ಸೊರಗಿ ಕಾಣುತ್ತವೆ. ಹಗಿನ್ ಕೊಟ್ಟ ಟಿಫ್‌ನಲ್ಲಿ ಅಂಚುಗಳು ಪಾರದರ್ಶಕವಾಗಿರಬಹುದು. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಅಲ್ಲೆಲ್ಲ ಕಪ್ಪು ಬಳಿಯುತ್ತದೆ. ಅಂಚು ಕತ್ತರಿಸಿ ನೇರ ಮಾಡಿಕೊಳ್ಳುವುದೇ ಲೇಸು.

ಆರನೆಯದು: ಕತ್ತರಿಸುವುದು

ಉಪಕರಣ: ಲಿಬ್‌ವಿಪ್ಸ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಉಬುಂಟುವಿನಲ್ಲಿ ಲಿಬ್‌ವಿಪ್ಸ್-ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡರಾಯಿತು. ಇಮೇಜ್‌ಮ್ಯಾಜಿಕ್ ಕೂಡ ಕತ್ತರಿಸುತ್ತದೆ, ಆದರೆ ಅದು ಇಡೀ ಚಿತ್ರವನ್ನು ಬಿಚ್ಚಿ ಇಟ್ಟುಕೊಳ್ಳುತ್ತದೆ. ಪಿಕ್ಸೆಲ್‌ಗೆ 8 ಬೈಟ್ ಎಂದರೂ 3.2 ಜಿಬಿ ಆಯಿತು, ಹಂತಗಳನ್ನೂ ನೀವೇ ಒಂದೊಂದಾಗಿ ಮಾಡಬೇಕು. ಲಿಬ್‌ವಿಪ್ಸ್ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ಓದಿ, ಓದುತ್ತಲೇ ಎಲ್ಲ ಹಂತಗಳನ್ನೂ ಬರೆಯುತ್ತಾ ಹೋಗುತ್ತದೆ. 4 ಜಿಬಿಯ ಹಳೆ ಲ್ಯಾಪ್‌ಟಾಪಿಗೂ ಅದು ತೊಂದರೆ ಕೊಡುವುದಿಲ್ಲ.

ಆಜ್ಞೆ ಒಂದೇ ಸಾಲು. ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಕ್ಯೂ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ:

ವಿಪ್ಸ್ ಡಿಝಡ್‌ಸೇವ್ ಬೆಟ್ಟ.ಟಿಫ್ ಬೆಟ್ಟ --ಟೈಲ್-ಸೈಜ್ 510 --ಓವರ್‌ಲ್ಯಾಪ್ 1 --ಸಫಿಕ್ಸ್ '.ಜೆಪಿಜಿ[ಕ್ಯೂ=80]'

ಡಿಝಡ್‌ಸೇವ್ ಒಂದೇ ಪದ. ಅದರ ಮುಂದಿನದು ಮೂಲ ಫೈಲ್, ಆಮೇಲಿನದು ಹೊರಬರುವುದರ ಹೆಸರು. ಕ್ಯೂ ಅಂದರೆ ಜೆಪೆಗ್ ಗುಣಮಟ್ಟ. ಊರಿನ ಪನೋರಮಾಕ್ಕೆ 75ರಿಂದ 80 ಸಾಕು. ಆಕಾಶದ ನೀಲಿಯಲ್ಲಿ ಪಟ್ಟೆ ಕಂಡರೆ 85ಕ್ಕೆ ಏರಿಸಿ. 95 ಕೊಡುವುದು ಬರೀ ಜಂಬ, ಫೈಲ್ ಹಿಗ್ಗುತ್ತದೆ, ಕಣ್ಣಿಗೇನೂ ಸಿಗುವುದಿಲ್ಲ.

ಕೆಲಸ ಮುಗಿದಾಗ ಎರಡು ವಸ್ತು ಸಿಗುತ್ತವೆ. ಒಂದು, ಡಿಝಡ್‌ಐ ಎಂಬ ಪುಟ್ಟ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅದರಲ್ಲಿ ಟೈಲ್ ಅಳತೆ, ಟೈಲ್‌ನ ಫೈಲ್ ಬಗೆ, ಓವರ್‌ಲ್ಯಾಪ್, ಚಿತ್ರದ ಅಗಲ ಎತ್ತರ, ಇಷ್ಟೇ ಇರುತ್ತದೆ. ಇನ್ನೊಂದು, ಅದೇ ಹೆಸರಿನ ಮುಂದೆ ಫೈಲ್ಸ್ ಎಂದು ಅಂಟಿಕೊಂಡ ಫೋಲ್ಡರ್. ಅದರೊಳಗೆ 0ರಿಂದ 16ರವರೆಗೆ ಹಂತಗಳ ಫೋಲ್ಡರ್, ಒಂದೊಂದರಲ್ಲೂ ಟೈಲ್‌ಗಳು. 16ನೇ ಫೋಲ್ಡರಿನ 40_7 ಎಂಬ ಫೈಲ್ ತೆರೆದರೆ ಎಡದಿಂದ 40ನೇ ಅಂಕಣ, ಮೇಲಿನಿಂದ 7ನೇ ಸಾಲು ಎಂದರ್ಥ. ಎಣಿಕೆ ಸೊನ್ನೆಯಿಂದ. ಮೊದಲು ಅಂಕಣ, ಆಮೇಲೆ ಸಾಲು, ಇದನ್ನು ನೆನಪಿಡಿ.

ಅಪ್‌ಲೋಡ್ ಮಾಡುವ ಮುನ್ನ ಯಾವುದಾದರೂ ಒಂದು ಟೈಲ್‌ನ ಪ್ರಾಪರ್ಟೀಸ್ ನೋಡಿ. ಕ್ಯಾಮೆರಾದ ಮಾಹಿತಿ, ಜಿಪಿಎಸ್ ಏನಾದರೂ ಉಳಿದಿದ್ದರೆ ತೆಗೆಸಿ. ಒಂದು ಟೈಲ್‌ಗೆ ಕೆಲವೇ ಕೆಬಿ ಆದರೂ 2,135 ಬಾರಿ ಅದೇ ಮಾತನ್ನು ಹೊತ್ತು ತಿರುಗುವುದು ಏಕೆ?

ಏಳನೆಯದು: ಪುಟದಲ್ಲಿ ತೋರಿಸುವುದು

ತೋರಿಸಲು ಓಪನ್‌ಸೀಡ್ರಾಗನ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರ ಫೋಲ್ಡರನ್ನು ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ. ಪುಟದಲ್ಲಿ ಒಂದು ಖಾಲಿ ಡಿವ್ (ಚಿತ್ರ ಕೂರುವ ಚೌಕಟ್ಟು) ಇಟ್ಟು ಐಡಿ, ಅಂದರೆ ಒಂದು ಹೆಸರು, ಕೊಡಿ. ಸ್ಕ್ರಿಪ್ಟ್‌ನಲ್ಲಿ ಮೂರೇ ಮಾತು ಹೇಳಬೇಕು: ಯಾವ ಡಿವ್, ಗುಂಡಿಗಳ ಚಿತ್ರಗಳು ಎಲ್ಲಿವೆ (ಪ್ರಿಫಿಕ್ಸ್‌ಯುಆರ್‌ಎಲ್), ಡಿಝಡ್‌ಐ ಫೈಲ್ ಎಲ್ಲಿದೆ (ಟೈಲ್‌ಸೋರ್ಸಸ್).

ಪುಟ ತೆರೆದರೆ ಬಿಳಿ ಬಿಳಿ. ಸಾಮಾನ್ಯವಾಗಿ ಕಾರಣ ಈ ಮೂರರಲ್ಲೊಂದು. ಡಿವ್‌ಗೆ ಎತ್ತರ ಕೊಟ್ಟಿರುವುದಿಲ್ಲ. ಖಾಲಿ ಡಿವ್‌ನ ಎತ್ತರ ಸೊನ್ನೆ, ಅದರೊಳಗೆ ಊರೇ ಇದ್ದರೂ ಕಾಣದು. ಇಲ್ಲವೇ ಪುಟದ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದಿರುತ್ತೀರಿ. ಆಗ ಡಿಝಡ್‌ಐ ಓದಲು ಬ್ರೌಸರ್ ಬಿಡುವುದಿಲ್ಲ. ಪೈಥಾನ್ ಇದ್ದರೆ ಅದರ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲನ್ನು ಅದೇ ಫೋಲ್ಡರಿನಲ್ಲಿ ಓಡಿಸಿ ಲೋಕಲ್‌ಹೋಸ್ಟ್ 8000ದಲ್ಲಿ ನೋಡಿ. ಮೂರನೆಯದು ವಿಂಡೋಸ್‌ನವರಿಗೆ ತಪ್ಪಿದ್ದಲ್ಲ: ಮನೆಯಲ್ಲಿ ಚೆನ್ನಾಗಿ ಓಡಿದ್ದು ಸರ್ವರ್‌ಗೆ ಹೋದಮೇಲೆ ಓಡುವುದಿಲ್ಲ, ಯಾಕೆಂದರೆ ಲಿನಕ್ಸ್‌ಗೆ ಸಣ್ಣಕ್ಷರದ ಹೆಸರು ಬೇರೆ, ದೊಡ್ಡಕ್ಷರದ ಹೆಸರು ಬೇರೆ. ಟೈಲ್‌ಗಳನ್ನು ಬೇರೆ ಡೊಮೈನ್‌ನಲ್ಲಿ ಇಟ್ಟವರು ಆ ಸರ್ವರ್‌ನಿಂದ ಕೋರ್ಸ್ (ಸಿಒಆರ್‌ಎಸ್, ಬೇರೆ ಡೊಮೈನ್‌ನ ಪುಟಕ್ಕೆ ಫೈಲ್ ಓದಲು ಬಿಡುವ) ಅನುಮತಿಯ ಹೆಡರ್ ಕಳಿಸುವುದನ್ನೂ ಮರೆಯಬಾರದು.

ಚಿತ್ರ ಬಂದ ಮೇಲೆ ಒಂದೆರಡು ತಿದ್ದುಪಡಿ. ಉದ್ದನೆಯ ಲೇಖನದ ನಡುವೆ ಚಿತ್ರ ಇದ್ದರೆ ಮೌಸ್ ಸ್ಕ್ರೋಲ್‌ನಿಂದ ಜೂಮ್ ಆಗುವುದನ್ನು ಆಫ್ ಮಾಡಿ, ಇಲ್ಲದಿದ್ದರೆ ಕೆಳಗೆ ಓದಲು ಹೊರಟವರು ಅರಮನೆಯೊಳಗೆ ಸಿಕ್ಕಿಬೀಳುತ್ತಾರೆ. ಫೋನಿನಲ್ಲಿ ಡಿವ್ ಪರದೆಯ ಪೂರ್ತಿ ಎತ್ತರ ತಿನ್ನದಿರಲಿ, ಬೆರಳಿಟ್ಟು ಪುಟ ಸರಿಸಲು ಜಾಗ ಬಿಡಿ. ಪನೋರಮಾಕ್ಕೆ ಮೂಲೆಯಲ್ಲಿ ಎಲ್ಲಿದ್ದೇವೆಂದು ತೋರಿಸುವ ಪುಟ್ಟ ನ್ಯಾವಿಗೇಟರ್ ಇರಲಿ.

ಡಿವ್‌ನ ಜೊತೆಗೆ 1,200 ಪಿಕ್ಸೆಲ್ ಅಗಲದ ಒಂದು ಸಾದಾ ಚಿತ್ರವನ್ನೂ ಮಾಡಿಡಿ. ಜಾವಾಸ್ಕ್ರಿಪ್ಟ್ ಇಲ್ಲದವರಿಗೆ ಅದು ಕಾಣಲಿ, ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಾಗ ಬರುವ ಚಿತ್ರವೂ ಅದೇ ಆಗಲಿ. ಅದರ ಪರ್ಯಾಯ ಪಠ್ಯವನ್ನು ಕನ್ನಡದಲ್ಲಿ, ಏನೇನು ಕಾಣುತ್ತದೆ ಎಂದು ಬರೆಯಿರಿ.

ಹೆಸರಿನ ಫಲಕ ಹಾಕುವುದು

"ಅದು ಲಲಿತಮಹಲ್, ಇದು ಕಾರಂಜಿ ಕೆರೆ" ಎಂದು ತೋರಿಸದಿದ್ದರೆ ಹೊರಊರಿನವರಿಗೆ ಅದು ಬರೀ ಮರ, ಕಟ್ಟಡ. ಹೆಸರನ್ನು ಚಿತ್ರದ ಮೇಲೆಯೇ ಬರೆಯಬೇಡಿ, ಜೂಮ್ ಮಾಡಿದಾಗ ಅಕ್ಷರವೂ ಆನೆಯಾಗುತ್ತದೆ. ಓಪನ್‌ಸೀಡ್ರಾಗನ್‌ನ ಓವರ್‌ಲೇ (ಚಿತ್ರದ ಮೇಲೆ ಬೇರೆಯಾಗಿ ಕೂರುವ ಫಲಕ) ಬಳಸಿ.

ಅಲ್ಲಿನ ಅಳತೆ ಪಿಕ್ಸೆಲ್‌ನಲ್ಲಿ ಇಲ್ಲ. ಚಿತ್ರದ ಅಗಲವೇ 1. ಎತ್ತರವನ್ನೂ ಅಗಲದಿಂದಲೇ ಭಾಗಿಸಬೇಕು, ಹಾಗಾಗಿ ನಮ್ಮ ಚಿತ್ರದ ಎತ್ತರ 0.25. ಒಂದು ಗುಮ್ಮಟ ಎಡದಿಂದ 26,000, ಮೇಲಿನಿಂದ 4,200ನೇ ಪಿಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. 26,000 ಭಾಗಿಸು 40,000 ಅಂದರೆ 0.65. 4,200ನ್ನೂ 40,000ದಿಂದಲೇ ಭಾಗಿಸಿ, 0.105. ಎತ್ತರವನ್ನು 10,000ದಿಂದ ಭಾಗಿಸಿದರೆ 0.42 ಬಂದು ಫಲಕ ಚಿತ್ರದಿಂದಲೇ ಆಚೆ, ಕೆಳಗೆ ಹೋಗಿ ಬೀಳುತ್ತದೆ.

ನಕ್ಷೆಗಳಾದರೆ

ಮಂಡ್ಯ ಕಡೆಯ ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿಸಿ ಹಾಕುವವರಿಗೆ ಎರಡು ಬದಲಾವಣೆ. ಸರ್ವೆ ನಂಬರ್, ನಾಲೆಯ ಗೆರೆ, ಬದುವಿನ ಚುಕ್ಕೆ ಇವೆಲ್ಲ ಚೂಪಾದ ಗೆರೆಗಳು. ಜೆಪೆಗ್ ಇವುಗಳ ಸುತ್ತ ಕೊಳೆ ಮಾಡುತ್ತದೆ, 8 ಯಾವುದು 3 ಯಾವುದು ತಿಳಿಯದೆ ಹೋದರೆ ನಕ್ಷೆ ಹಾಕಿಯೂ ದಂಡ. ಕಪ್ಪು ಬಿಳುಪಿನ ನಕ್ಷೆಗೆ ಪಿಎನ್‌ಜಿ ಕೊಡಿ. ಹಳದಿ ತಿರುಗಿದ ಕಾಗದದ ಬಣ್ಣವೂ ಬೇಕೆಂದರೆ ಜೆಪೆಗ್ 90.

ನಕ್ಷೆಗೆ ಲೀಫ್‌ಲೆಟ್ ಲೈಬ್ರರಿಯೂ ಹೊಂದುತ್ತದೆ. ಆಗ ಡಿಝಡ್‌ಸೇವ್‌ಗೆ ಲೇಔಟ್ ಗೂಗಲ್ ಎಂದು ಹೇಳಿ, ಲೀಫ್‌ಲೆಟ್‌ಗೆ ಸಿಆರ್‌ಎಸ್ ಸಿಂಪಲ್ (ಅಕ್ಷಾಂಶ ರೇಖಾಂಶ ಬೇಡ, ಸಾದಾ ಅಳತೆ ಸಾಕು) ಎಂದು ಹೇಳಿ. ಒಂದು ಮುಳ್ಳು ಇದೆ: ಈ ಲೇಔಟ್‌ನಲ್ಲಿ ಫೋಲ್ಡರ್‌ಗಳು ಹಂತ, ಸಾಲು, ಅಂಕಣ ಎಂಬ ಕ್ರಮದಲ್ಲಿ ಇರುತ್ತವೆ. ಲೀಫ್‌ಲೆಟ್ ಉದಾಹರಣೆಗಳಲ್ಲಿ ಹಂತ, ಅಂಕಣ, ಸಾಲು. ವಿಳಾಸದಲ್ಲಿ ಎಕ್ಸ್, ವೈ ಅದಲುಬದಲು ಮಾಡದಿದ್ದರೆ ಊರು ಚೂರುಚೂರಾಗಿ ಕಲೆಸಿಹೋಗುತ್ತದೆ. ಬರೀ ಬಿಳಿಯ ಟೈಲ್‌ಗಳನ್ನು ಈ ಲೇಔಟ್ ಬರೆಯುವುದೇ ಇಲ್ಲ, ಅವುಗಳ ಬದಲಿಗೆ ಬ್ಲ್ಯಾಂಕ್ ಎಂಬ ಒಂದೇ ಚಿತ್ರ ಕೊಡುತ್ತದೆ. ಟೈಲ್ ಸಿಗದಿದ್ದರೆ ಅದನ್ನು ತೋರಿಸು ಎಂದು ಲೀಫ್‌ಲೆಟ್‌ಗೆ ಹೇಳಿಬಿಡಿ.

ನಕ್ಷೆಗೆ ಅಕ್ಷಾಂಶ ರೇಖಾಂಶ ಕೂಡಿಸಿ ಇಂದಿನ ಭೂಪಟದ ಮೇಲೆ ಹಾಸಬೇಕೆಂದರೆ ಲಿಬ್‌ವಿಪ್ಸ್ ಅಲ್ಲ, ಜಿಡಾಲ್ 2 ಟೈಲ್ಸ್ ಎಂಬ ಉಪಕರಣ ಬೇಕು. ಅದು ಸಾಲನ್ನು ಕೆಳಗಿನಿಂದ ಎಣಿಸುತ್ತದೆ. ಎಕ್ಸ್‌ವೈಝಡ್ ಎಂಬ ಆಯ್ಕೆ ಕೊಟ್ಟರೆ ಮೇಲಿನಿಂದ ಎಣಿಸುತ್ತದೆ.

ಕೊನೆಯದು: ಸರ್ವರ್‌ಗೆ ಏರಿಸುವುದು

ಎಫ್‌ಟಿಪಿಯಲ್ಲಿ ಎರಡು ಸಾವಿರ ಫೈಲ್ ಎಳೆದು ಬಿಟ್ಟರೆ ಸಂಜೆಯಾಗುತ್ತದೆ, ನಡುವೆ ಸಂಪರ್ಕ ಕಡಿದರೆ ಯಾವುದು ಹೋಯಿತು ಯಾವುದು ಇಲ್ಲ ಗೊತ್ತಾಗುವುದಿಲ್ಲ. ಜಿಪ್ ಮಾಡಿ ಒಂದೇ ಫೈಲ್ ಏರಿಸಿ, ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ಎಕ್ಸ್‌ಟ್ರಾಕ್ಟ್ ಒತ್ತಿ. ಆಮೇಲೆ ಅಲ್ಲಿ ಅತಿ ಕೆಳಗಿನ ಹಂತದ ಕಟ್ಟಕಡೆಯ ಟೈಲ್, ನಮ್ಮ ಉದಾಹರಣೆಯಲ್ಲಿ 16ನೇ ಫೋಲ್ಡರಿನ 78_19, ಇದೆಯೇ ಎಂದು ನೋಡಿ.

ಟೈಲ್‌ಗಳಿಗೆ ಒಂದು ವರ್ಷದ ಕ್ಯಾಶ್ ಅವಧಿ (ಬ್ರೌಸರ್ ತನ್ನಲ್ಲೇ ಉಳಿಸಿಟ್ಟುಕೊಳ್ಳುವ ಅವಧಿ) ಕೊಡಿ. ಒಮ್ಮೆ ಇಳಿಸಿಕೊಂಡವರ ಬ್ರೌಸರ್ ಮತ್ತೆ ಕೇಳಲು ಬರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ: ಮುಂದಿನ ದಸರಾಕ್ಕೆ ದೀಪಾಲಂಕಾರದ ಹೊಸ ಪನೋರಮಾ ಮಾಡಿ ಹಳೆಯದರ ಜಾಗದಲ್ಲೇ ಅದೇ ಹೆಸರಿನಲ್ಲಿ ಇಟ್ಟರೆ, ಮೊದಲು ನೋಡಿದವರಿಗೆ ಅರ್ಧ ಹಗಲು, ಅರ್ಧ ರಾತ್ರಿಯ ಮೈಸೂರು ಕಾಣುತ್ತದೆ. ಫೋಲ್ಡರಿನ ಹೆಸರಿನಲ್ಲೇ ಇಸವಿ ಸೇರಿಸಿ, ಹೊಸದನ್ನು ಹೊಸ ಫೋಲ್ಡರಿಗೆ ಏರಿಸಿ, ಪುಟದಲ್ಲಿ ಡಿಝಡ್‌ಐ ವಿಳಾಸದ ಒಂದು ಸಾಲು ಬದಲಿಸಿ, ಒಂದೆರಡು ದಿನ ಬಿಟ್ಟು ಹಳೆಯ ಫೋಲ್ಡರ್ ಅಳಿಸಿ.